ಏಳನೆಯ ಮೇಜಿನ ಎಡಸಾಲು

ಎಲೆ ಮುದುರಿದ್ದನ್ನು ಎಲ್ಲರಿಗಿಂತ ಮೊದಲು ನೋಡಿದ್ದು ತಾನೇ ಎಂಬುದರಲ್ಲಿ ಕೋರಲ್‌ಗೆ ಅನುಮಾನವಿರಲಿಲ್ಲ. ನೋಡಿದ ಮೇಲೂ ನೀರಿನ ಕೊಳವೆ ಹಿಡಿದುಕೊಂಡು ಎಂಟನೆಯ ಮೇಜಿಗೆ ಹೋದದ್ದರಲ್ಲೂ ಅನುಮಾನವಿರಲಿಲ್ಲ. ಮೂರನೆಯ ಕೋಣೆ, ಏಳನೆಯ ಮೇಜು, ಎಡಸಾಲು. ಬಾಗಿಲಿನಿಂದ ಎಣಿಸಿದರೆ ನಾಲ್ಕನೆಯ ತಟ್ಟೆ. ನಿನ್ನೆ ಸಂಜೆ ಅಂಗೈಯಗಲ ಬಿಚ್ಚಿಕೊಂಡಿದ್ದ ಎಲೆಗಳು ಇವತ್ತು ಬೆಳಿಗ್ಗೆ ಏಳು ಗಂಟೆಗೆ ಅಂಚು ಒಳಕ್ಕೆ ಮಡಚಿಕೊಂಡು, ಒಂದು ಕಡೆ ತಿಳಿಹಸಿರು ಒಂದು ಕಡೆ ಕಡುಹಸಿರು, ಮಚ್ಚೆ ಮಚ್ಚೆಯಾಗಿ ನಿಂತಿದ್ದವು. ಬಿಸಿಲಿಗಿರಬೇಕು ಅಂದುಕೊಂಡಳು. ಫೆಬ್ರವರಿ ಬೇಸಿಗೆಯ ಬಡಗಾಳಿ ಮೂರು ದಿನದಿಂದ ಬಿಡದೆ ಬೀಸಿ ಅಡಿಲೇಡಿನ ಹೊರಬಯಲನ್ನೆಲ್ಲ ಕಾವಲಿ ಮಾಡಿತ್ತು, ಗಾಜಿನ ಮನೆಯ ಪಂಖಗಳು ಸೋತಿದ್ದವು, ಗಿಡ ಬಾಡದೆ ಇನ್ನೇನು ಮಾಡೀತು. ಹಾಗೆ ಅಂದುಕೊಂಡವಳು ಎಂಟನೆಯ ಮೇಜಿಗೆ ನೀರು ಬಿಡುತ್ತ ಮತ್ತೆ ತಿರುಗಿ ನೋಡಿದಳು. ಬಿಸಿಲು ಎಲ್ಲ ಮೇಜಿಗೂ ಒಂದೇ. ಏಳರ ಬಲಸಾಲಿನ ಗಿಡಗಳು ಕೊಬ್ಬಿಕೊಂಡು ನೆಟ್ಟಗೆ ನಿಂತಿದ್ದವು. ಎಡಸಾಲಿನಲ್ಲಿ ಮಾತ್ರ ನಾಲ್ಕು, ಐದು, ಆರು, ಏಳು, ಯಾರೋ ಬಾಗಿಲಿನಿಂದ ಒಳಕ್ಕೆ ನಡೆಯುತ್ತ ಒಂದೊಂದನ್ನೇ ಮುಟ್ಟಿಕೊಂಡು ಹೋದ ಹಾಗೆ. ಯಾರೋ ಏನು ಬಂತು? ಹೋದ ಬುಧವಾರ ಎಡಸಾಲಿನ ಮೊಗ್ಗು ಚಿವುಟಿದ್ದು ಅವಳೇ. ಬಲಗೈ ಹೆಬ್ಬೆರಳು ತಾನಾಗಿ ಮಿಕ್ಕ ಬೆರಳುಗಳ ಮರೆಗೆ ಸರಿದುಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಕ್ಕೆ ಮೊದಲು ಯಾರಾದರೂ ಹಾಗೆ ಅನ್ನಬೇಕು. ಇಲ್ಲಿ ಇನ್ನೂ ಯಾರೂ ಏನೂ ಅಂದಿರಲಿಲ್ಲ.

ಆ ಗಿಡಗಳು ಹೂ ಬಿಡಬಾರದು. ಐದು ವಾರ ಎಲೆಯನ್ನಷ್ಟೇ ಬೆಳೆಸಿಕೊಳ್ಳಬೇಕು. ಆಮೇಲೆ ಒಂದು ಸೋಮವಾರ ತಟ್ಟೆ ತಟ್ಟೆಯನ್ನೇ ತಲೆಕೆಳಗು ಮಾಡಿ, ಬ್ಯಾಕ್ಟೀರಿಯಾ ಕಲಸಿದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು ಗಾಳಿ ಹೊರಕ್ಕೆಳೆದು ಮತ್ತೆ ಒಳಕ್ಕೆ ಬಿಡುತ್ತಾರೆ. ಬಿಟ್ಟ ಕ್ಷಣ ಆ ನೀರು ಎಲೆಯೊಳಕ್ಕೆ ನುಗ್ಗಿ ಎಲೆ ಒದ್ದೆ ಬಟ್ಟೆಯ ಹಾಗೆ ಕಪ್ಪಗಾಗುತ್ತದೆ. ಬ್ಯಾಕ್ಟೀರಿಯಾ ಹೊತ್ತು ತಂದ ಮನುಷ್ಯರ ಜೀನನ್ನು ಗಿಡ ತನ್ನದೇ ಎಂದು ನಂಬಿ, ಆರು ದಿನ ಅದು ಹೇಳಿದ ಪ್ರೋಟೀನು ಕಟ್ಟುತ್ತ ಕೂರುತ್ತದೆ. ಏಳನೆಯ ದಿನ ಕೊಯ್ದು ಅರೆದು ಸೋಸಿದರೆ ಸಿಗುವುದು ಒಂದು ಅಪರೂಪದ ಕಾಯಿಲೆಯ ಮಕ್ಕಳ ಮೈಯಲ್ಲಿ ಹುಟ್ಟಿನಿಂದಲೇ ಇಲ್ಲದ ಕಿಣ್ವ. ಈ ಸಲದ ಔಷಧಿಗೆ ಹನ್ನೊಂದು ಮಕ್ಕಳು ಕಾದಿದ್ದಾರೆ ಎಂದು ಊಟದ ಕೋಣೆಯ ಗೋಡೆಗೆ ಬರೆದು ಅಂಟಿಸಿತ್ತು. ಗಿಡ ಹೊಗೆಸೊಪ್ಪಿನ ಜಾತಿಯದು. ಆಸ್ಟ್ರೇಲಿಯದ ಮೂಲನಿವಾಸಿಗಳಾದ ಕೋರಲ್‌ಳ ತಾಯಿಯ ಕಡೆಯವರ ಮರಳುಗಾಡಿನಲ್ಲಿ ಬಂಡೆಗಳ ನೆರಳಿಗೆ ತಾನಾಗಿ ಏಳುವಂಥದು. ಎಂದೋ ಯಾರೋ ಅದರ ಬೀಜ ಲಕೋಟೆಯಲ್ಲಿ ಹಾಕಿಕೊಂಡು ಹೋಗಿ ಈಗ ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಅದೇ. ಕಂಪನಿಯವರಿಗೆ ಇದು ಗೊತ್ತಾದ ದಿನ ಅವಳ ಕೈಗೊಂದು ಎಲೆ ಕೊಟ್ಟು, ದೂರ ನೋಡು, ಇನ್ನೂ ದೂರ, ಎಂದು ಪಟ ತೆಗೆದು ತಮ್ಮ ಪುಸ್ತಿಕೆಯ ಮೇಲೆ ಹಾಕಿಕೊಂಡಿದ್ದರು. ದೂರದಲ್ಲಿ ಇದ್ದದ್ದು ಕಾರು ನಿಲ್ಲಿಸುವ ಜಾಗ. ಅದು ನೆನಪಾದಾಗೆಲ್ಲ ಕಿವಿ ಬಿಸಿಯಾಗುತ್ತಿತ್ತು, ಈಗಲೂ ಆಯಿತು, ಮುದುರಿದ ಎಲೆಗಳ ಮುಂದೆ ನಿಂತು ಪಟದ ಅವಮಾನವನ್ನು ನೆನೆಯುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು. ಹೇಳಬೇಕು. ನೀರು ಬಿಟ್ಟು ಮುಗಿಸಿ ಹೇಳುತ್ತೇನೆ. ಹತ್ತನೆಯ ಮೇಜು ಮುಗಿಯಲಿ. ಹೀಗೆ ನಲವತ್ತು ನಿಮಿಷ ಕಳೆಯಿತು. ಅಷ್ಟರಲ್ಲಿ ಮೇಲ್ವಿಚಾರಕಿ ಲಿಯೆನ್ ತಾನೇ ಒಳಗೆ ಬಂದು, ಏಳನೆಯ ಮೇಜಿನ ಮುಂದೆ ನಿಂತು, ಉಸಿರು ಎಳೆದುಕೊಂಡದ್ದು ಪಂಖದ ಸದ್ದಿನಲ್ಲೂ ಕೇಳಿಸಿತು.

ಲಿಯೆನ್‌ಳ ಅಪ್ಪ ವಿಯೆಟ್ನಾಮಿನಿಂದ ಬಂದವನು, ಎರಡು ರಸ್ತೆಯಾಚೆ ಇವತ್ತಿಗೂ ಸೌತೆ ಬೆಳೆಯುತ್ತಾನೆ. ಅವಳು ಚಿಕ್ಕವಳಿದ್ದಾಗ ಕೂಲಿಗೆ ಬಂದ ಒಬ್ಬನ ಬೆರಳಿನಿಂದ ಇದೇ ನಂಜು, ಹೊಗೆಸೊಪ್ಪಿನ ವೈರಸ್ಸು, ಹತ್ತಿ ಒಂದಿಡೀ ಟೊಮೆಟೊ ಮನೆ ಹಾಳಾಗಿತ್ತಂತೆ. ಅಂಗಡಿಯ ಹೊಗೆಸೊಪ್ಪಿನಲ್ಲಿ ಈ ನಂಜು ಒಣಗಿ ವರ್ಷಗಟ್ಟಲೆ ಬದುಕಿರುತ್ತದೆ, ಸೇದುವವರ ಕೈಗೆ ಅಂಟಿ ಬಂದು ಗಾಯವಾದ ಎಲೆಗೆ ಇಳಿಯುತ್ತದೆ, ಸೋಪಿಗೆ ಜಗ್ಗುವುದಿಲ್ಲ, ಹಾಲಿಗೆ ಮಾತ್ರ ಹೆದರುತ್ತದೆ. ಅದಕ್ಕೇ ಬಾಗಿಲಲ್ಲಿ ಹಾಲುಪುಡಿ ಕದಡಿದ ನೀರಿನ ಬೋಗುಣಿ ಇಟ್ಟಿತ್ತು. ಎಲ್ಲರೂ ಕೈ ಅದ್ದಬೇಕು ಎಂದು ಮೇಲೆ ಬರೆದಿದ್ದರೂ ಅದು ನೆವಿಲ್‌ನ ಬೋಗುಣಿ ಎಂದೇ ಹೆಸರಾಗಿತ್ತು, ಯಾಕೆಂದರೆ ಅಲ್ಲಿ ಸೇದುತ್ತಿದ್ದವನು ನೆವಿಲ್ ಒಬ್ಬನೇ. ಅರವತ್ತು ದಾಟಿದ ಬಿಳಿ ಮನುಷ್ಯ, ಕೋರಲ್‌ಗೆ ಕೆಲಸ ಕಲಿಸಿದವನು. ಎರಡು ವರ್ಷದ ಹಿಂದೆ ಬಾಯ್ಲರಿನ ಹಿಂದೆ ಸಿಗರೇಟು ಹಚ್ಚಿ ಸಿಕ್ಕಿಬಿದ್ದು ಎಚ್ಚರಿಕೆಯ ಪತ್ರ ತಿಂದಿದ್ದ. ಆಮೇಲೆ ಬಿಟ್ಟ. ಬಿಟ್ಟ ಮೇಲೂ ದಿನಾ ಬೆಳಿಗ್ಗೆ ಮೊಣಕೈವರೆಗೆ ಹಾಲಲ್ಲಿ ಅದ್ದಿಯೇ ಒಳಗೆ ಬರುತ್ತಿದ್ದ.

ಲಿಯೆನ್ ಒಂದು ಎಲೆಯನ್ನು ಚೀಲದಲ್ಲಿ ಹಾಕಿ ಅರೆದು ಪಟ್ಟಿ ಅದ್ದಿದಳು. ಗರ್ಭ ನಿಂತಿದೆಯಾ ನೋಡುವ ಪಟ್ಟಿಯಂಥದೇ. ನೆವಿಲ್‌ನೂ ಸೇರಿ ಮೂರು ಜನ ಅದರ ಮೇಲೆ ಬಗ್ಗಿದರು. ಮೊದಲು ಒಂದು ಗೆರೆ, ಸ್ವಲ್ಪ ಹೊತ್ತಿಗೆ ಇನ್ನೊಂದು.

"ಶುಭಾಶಯ," ಎಂದ ನೆವಿಲ್. "ಗಂಡೋ ಹೆಣ್ಣೋ?"

"ಕೊನೇ ಸಲ ಯಾವಾಗ ಸೇದಿದ್ದು ನೀನು?" ಎಂದಳು ಲಿಯೆನ್, ಪಟ್ಟಿಯಿಂದ ಕಣ್ಣು ತೆಗೆಯದೆ.

"ಓ, ಹಾಗಾ ವಿಷಯ. ಹದಿನಾಲ್ಕು ತಿಂಗಳಾಯ್ತು."

"ನನ್ನ ಮುಖ ನೋಡ್ಕೊಂಡು ಹೇಳು."

"ನೀನು ಮುಖ ಎತ್ತಿದ್ರೆ ತಾನೇ ನೋಡೋದು."

ಅವಳು ಎತ್ತಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ಕೆಲಸದ ಹಾಳೆಯನ್ನು ಕಿತ್ತು ತಂದು ಮೇಜಿನ ಮೇಲಿಟ್ಟಳು. "ಹೋದ ಬುಧವಾರ. ಏಳನೇ ಮೇಜು, ಎರಡೂ ಸಾಲು. ಇದು ಯಾರ ಸಹಿ?"

ಕೋರಲ್ ಬಾಯಿ ತೆರೆದಳು. ಆ ಹಾಳೆಯ ಕಥೆ ಅವಳಿಗೆ ಗೊತ್ತಿತ್ತು. ಬುಧವಾರ ಬುಧವಾರ ದೊಡ್ಡಮ್ಮನನ್ನು ರಕ್ತ ತೊಳೆಸುವ ಆಸ್ಪತ್ರೆಯಿಂದ ಕರೆತರಬೇಕು, ಆ ಬುಧವಾರ ಆಸ್ಪತ್ರೆಯವರು ಬೇಗ ಕರೆದರು, ಎಡಸಾಲು ಮುಗಿಸಿ ಬಲಸಾಲಿಗೆ ಕೈ ಹಾಕುವ ಮೊದಲೇ ಅವಳು ಓಡಿದ್ದಳು. ನೀನು ಹೋಗಮ್ಮ, ಇದನ್ನ ನಾನು ನೋಡ್ಕೋತೀನಿ, ನೀನು ಮಧ್ಯಾಹ್ನದವರೆಗೂ ಇದ್ದೆ ಅಂತ್ಲೇ ಇರ್ಲಿ ಬಿಡು, ಎಂದು ನೆವಿಲ್ ಬಲಸಾಲು ಚಿವುಟಿ ಎರಡಕ್ಕೂ ತಾನೇ ಸಹಿ ಹಾಕಿದ್ದ. ಈಗ ಅವನು ಹಾಳೆಯನ್ನು ಬಹಳ ಹೊತ್ತು ನೋಡಿದ. ಕೋರಲ್‌ಳ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಅವನು ಪಡುತ್ತಿದ್ದ ಕಷ್ಟ ಅವಳಿಗೆ ಕಾಣುತ್ತಿತ್ತು.

"ಸಹಿ ಇದೆಯಲ್ಲ," ಎಂದ. "ಹಾಗಾದ್ರೆ ನಾನೇ."

"ಮನೇಗೆ ಹೋಗು. ಕಾಗದ ಮೇಲಿನೋರು ಕಳಿಸ್ತಾರೆ. ಎರಡನೇ ಸಲ ಅಂದ್ರೆ ಏನು ಅಂತ ನಿಂಗೇ ಗೊತ್ತು."

ಕೋರಲ್‌ಳ ಬಾಯಿ ತೆರೆದೇ ಇತ್ತು. ಅದನ್ನು ಮುಚ್ಚಿಕೊಂಡಳು. ಹೇಳುವುದಕ್ಕೆ ಅದೊಂದೇ ಗಳಿಗೆ ಇದ್ದದ್ದು, ಇನ್ನು ಯಾವಾಗ ಹೇಳಿದರೂ ಅದು ತಡವಾಗಿ ಹೇಳಿದ್ದೇ ಆಗುತ್ತದೆ ಎಂಬುದು ಅವನು ಬೆನ್ನು ತಿರುಗಿಸುತ್ತಿದ್ದ ಹಾಗೆಯೇ ಅವಳಿಗೆ ಹೊಳೆಯಿತು.

ಕೋಣೆಯಲ್ಲಿದ್ದ ಮೂರು ಸಾವಿರದ ಎಂಟುನೂರು ಗಿಡಗಳನ್ನೂ ಕಪ್ಪು ಚೀಲಗಳಿಗೆ ತುಂಬಿ ಆವಿಗೆ ಬೇಯಿಸಬೇಕಾಯಿತು. ಒಂದು ಗಿಡವನ್ನೂ ಉಳಿಸುವ ಹಾಗಿಲ್ಲ. ಒಂಬತ್ತು ವಾರ ಹಿಂದೆ ಬಿತ್ತು ಕೆಲಸ, ಎಂದು ಲಿಯೆನ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು. ಒಂಬತ್ತು ವಾರ ಎಂದರೆ ಆ ಹನ್ನೊಂದು ಮಕ್ಕಳಿಗೆ ಎಷ್ಟು ಎಂದು ಕೋರಲ್ ಲೆಕ್ಕ ಹಾಕಲು ಹೋಗಿ ಹೆದರಿ ಬಿಟ್ಟಳು. ಗಿಡ ಕಿತ್ತು ತುಂಬುವಾಗ ಬರುವ ಹಸಿ ವಾಸನೆ ಊರಿನದೇ ವಾಸನೆ. ಅಲ್ಲಿ ಹೆಂಗಸರು ಬಂಡೆಯ ಬುಡದಲ್ಲಿ ಈ ಸೊಪ್ಪು ಕೊಯ್ದು ಒಣಗಿಸಿ, ಮರದ ತೊಗಟೆ ಸುಟ್ಟ ಬೂದಿಯಲ್ಲಿ ಹೊಸೆದು, ಉಂಡೆ ಮಾಡಿ ತುಟಿಯ ಹಿಂದೆ ಇಟ್ಟುಕೊಳ್ಳುತ್ತಾರೆ, ಬೇಡವಾದಾಗ ಕಿವಿಯ ಹಿಂದೆ. ಊರು ಬಿಟ್ಟು ಆಸ್ಪತ್ರೆಗೆಂದು ಇಲ್ಲಿ ಬಂದು ಬಿದ್ದಿರುವ ದೊಡ್ಡಮ್ಮನಿಗೆ ಆ ಸೊಪ್ಪು ಎಲ್ಲಿ ಸಿಗಬೇಕು? ಅಂಗಡಿಯ ಹೊಗೆಸೊಪ್ಪಿನ ಪೊಟ್ಟಣವೇ ಗತಿ. ಬೂದಿ ಮಾತ್ರ ಊರಿನಿಂದ ಬಸ್ಸಿನಲ್ಲಿ ಡಬ್ಬಿಯಲ್ಲಿ ಬರುತ್ತದೆ. ಮೂರು ವಾರದಿಂದ ದೊಡ್ಡಮ್ಮನ ಕೈ ನಡುಗಿ ಹೊಸೆಯಲು ಆಗುತ್ತಿರಲಿಲ್ಲ. "ಹೊಸೆದು ಕೊಡೇ" ಎಂದರೆ ಇಲ್ಲ ಅನ್ನುವುದು ಹೇಗೆ? ಹೆತ್ತವಳ ಅಕ್ಕ ಹೆತ್ತವಳೇ. ದಿನಾ ಬೆಳಿಗ್ಗೆ ಐದೂವರೆಗೆ ಕೋರಲ್ ಅಂಗೈಯಲ್ಲಿ ಹೊಗೆಸೊಪ್ಪು ಹಾಕಿಕೊಂಡು ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು. ತಿಕ್ಕಿದ ಮೇಲೆ ಒಂದು ಚಮಚ ಹಾಲುಪುಡಿ ಕದಡಿ ಎರಡೂ ಕೈ ಅದ್ದುತ್ತಿದ್ದಳು. ಹೌದು, ಅದ್ದುತ್ತಿದ್ದಳು. ಕೆಲಸಕ್ಕೆ ಸೇರಿದ ದಿನದ ತರಗತಿಯಲ್ಲಿ ಸಿಗರೇಟು, ನಶ್ಯ, ಜಗಿಯುವುದು ಎಂದು ಓದಿದ್ದು ಅವಳ ಕಿವಿಗೆ ಬಿದ್ದಿತ್ತು. ಹೋದ ಬುಧವಾರ ಮನೆಯಲ್ಲಿ ಹಾಲುಪುಡಿ ಮುಗಿದಿತ್ತು. ಇರಲಿ, ಬಾಗಿಲ ಬೋಗುಣಿಯಲ್ಲಿ ಅದ್ದಿದರಾಯಿತು ಎಂದುಕೊಂಡೇ ಕಾರು ಹತ್ತಿದ್ದಳು.

ಅಲ್ಲಿಯವರೆಗೆ ಬಂದು ಮನಸ್ಸು ಕಾಲು ಹಿಂದೆ ಇಡುತ್ತಿತ್ತು. ಚೀಲದ ಬಾಯಿ ಕಟ್ಟಿದಳು, ಇನ್ನೊಂದು ಚೀಲ ಬಿಡಿಸಿದಳು. ಶಾಲೆಯಲ್ಲಿ ಪ್ರಾರ್ಥನೆಗೆ ಮುಂಚೆ ಸಾಲು ನಿಲ್ಲಿಸಿ "ಕೈ ತೋರ್ಸಿ" ಎನ್ನುತ್ತಿದ್ದರು. ಮೊದಲು ಅಂಗೈ, ಆಮೇಲೆ ಮಗುಚಿ ಉಗುರು. ಟೀಚರಮ್ಮ ಮುಟ್ಟುತ್ತಿರಲಿಲ್ಲ, ಅಳತೆಪಟ್ಟಿಯ ತುದಿಯಿಂದ ಬೆರಳು ಬಿಡಿಸಿ ನೋಡುತ್ತಿದ್ದಳು. ಸರಿಯಿಲ್ಲದವರು ಅಂಗಳದ ಕೊಳಾಯಿಗೆ. ಬಿಳಿ ಪೊಲೀಸಿನವನ ಮಗಳು ಸಾಲಿನಲ್ಲಿ ನಿಲ್ಲುತ್ತಲೇ ಇರಲಿಲ್ಲ, ಒಳಗೆ ಹೋಗಿ ಕೂತಿರುತ್ತಿದ್ದಳು. ಕೋರಲ್ ಒಂದು ದಿನವೂ ಕೊಳಾಯಿಗೆ ಹೋದವಳಲ್ಲ. ರಾತ್ರಿಯೇ ಮರಳು ಹಾಕಿ ಉಜ್ಜಿಕೊಂಡು ಮಲಗುತ್ತಿದ್ದಳು. ಒಂದು ದಿನವೂ ಹೋಗಲಿಲ್ಲ ಎಂಬುದು ಇವತ್ತಿಗೂ ಅವಳಿಗೆ ಒಂದು ಹೆಮ್ಮೆ, ಆ ಹೆಮ್ಮೆಯಷ್ಟು ಅವಮಾನದ್ದು ಇನ್ನೊಂದಿಲ್ಲ ಎಂಬುದೂ ಗೊತ್ತು.

ಹನ್ನೆರಡೂವರೆಗೆ ಲಿಯೆನ್ ಬಂದು ಅವಳ ಭುಜ ಮುಟ್ಟಿದಳು. "ಹೊರಡು, ಬುಧವಾರ ಅಲ್ವಾ, ನಿಮ್ಮ ದೊಡ್ಡಮ್ಮ ಕಾಯ್ತಿರ್ತಾರೆ. ಮಿಕ್ಕಿದ್ದು ನಾನು ತುಂಬ್ತೀನಿ. ನಂಬೋಕೆ ನೀನಾದ್ರೂ ಒಬ್ಳಿದೀಯಲ್ಲ."

ಹೊಡೆದಿದ್ದರೆ ವಾಸಿಯಿತ್ತು. ಕಾರಿನಲ್ಲಿ ಕೂತು ಸ್ಟೀರಿಂಗ್ ಹಿಡಿದರೆ ಅದು ಕೆಂಡ. ಎರಡೂ ಕಡೆ ಸಾಲು ಸಾಲು ಗಾಜಿನ ಮನೆಗಳು, ಟೊಮೆಟೊ, ಸೌತೆ, ಮೆಣಸಿನಕಾಯಿ, ಒಂದೊಂದರ ಮೇಲೂ ಸೂರ್ಯ ಒಡೆದು ಕಣ್ಣಿಗೆ ಚುಚ್ಚುತ್ತಿದ್ದ. ನೆವಿಲ್‌ಗೆ ಪಿಂಚಣಿಯ ವಯಸ್ಸು ಬಂದೇ ಬರುತ್ತದೆ, ಹೇಗೂ ಸೇದುತ್ತಿದ್ದವನು ತಾನೇ, ಈ ಹದಿನಾಲ್ಕು ತಿಂಗಳು ಯಾರು ಕಂಡವರು. ಇಷ್ಟು ಸಲೀಸಾಗಿ ಒಬ್ಬ ಮನುಷ್ಯನನ್ನು ಮಾರಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. ತನಗೆ ಈ ಕೆಲಸ ಹೋದರೆ ಆಸ್ಪತ್ರೆಯ ಹತ್ತಿರದ ಮನೆ ಹೋಗುತ್ತದೆ, ಮನೆ ಹೋದರೆ ದೊಡ್ಡಮ್ಮನನ್ನು ಎಲ್ಲಿ ಇಟ್ಟುಕೊಳ್ಳುವುದು, ಅದೂ ನಿಜವೇ. ಆದರೆ ಆ ನಿಜವನ್ನು ಅವಳು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದ ರೀತಿಯಲ್ಲಿ ಏನೋ ಕಳ್ಳತನವಿತ್ತು.

ದೊಡ್ಡಮ್ಮ ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಮೂವತ್ತೊಂಬತ್ತು ಡಿಗ್ರಿಯಲ್ಲಿ ಕಂಬಳಿ. ಆ ಯಂತ್ರ ರಕ್ತವನ್ನು ತಣ್ಣಗೆ ಮಾಡಿ ಕೊಡುತ್ತದೆ ಎಂದು ಅವಳ ದೂರು. ಕಾರಿಗೆ ಹತ್ತಿಸುವಾಗಲೇ ಶುರುವಾಯಿತು.

"ಯಾಕೇ ನಪನಾಂಕ, ಮುಖ ಹೀಗಿದೆ? ಯಾರು ಸತ್ರು?" ಹುಟ್ಟಿನಿಂದ ಬಂದ ಆ ಕುಲದ ಹೆಸರು ಹಿಡಿದು ಅವಳನ್ನು ಕರೆಯುವವಳು ಈ ಊರಲ್ಲಿ ದೊಡ್ಡಮ್ಮ ಒಬ್ಬಳೇ.

"ಯಾರೂ ಇಲ್ಲ. ಗಿಡ ಸತ್ವು."

"ಗಿಡಕ್ಕೆ ಇಷ್ಟು ಉದ್ದ ಮುಖಾನಾ? ನಾನು ಸತ್ರೆ ಇನ್ನೆಷ್ಟು ಮಾಡ್ಕೋತೀಯೋ. ಮೊದ್ಲು ನನಗೊಂದು ಉಂಡೆ ಹೊಸೆದು ಕೊಡು, ಬಾಯಿ ಸಪ್ಪಗಿದೆ."

ಕೋರಲ್ ಕೈ ಮಡಿಲಲ್ಲಿ ಇಟ್ಟುಕೊಂಡೇ ಕೂತಳು. ಆಮೇಲೆ ಎಲ್ಲವನ್ನೂ ಹೇಳಿದಳು. ಗಿಡ, ನಂಜು, ಹೆಬ್ಬೆರಳು, ನೆವಿಲ್‌ನ ಸಹಿ. ಒಂದನ್ನು ಬಿಟ್ಟು. ದೊಡ್ಡಮ್ಮ ಕೇಳುತ್ತ ಕೇಳುತ್ತ ನಗಲು ಶುರುಮಾಡಿದಳು, ಹಲ್ಲಿಲ್ಲದ ಬಾಯಿ ತೆರೆದು, ಕಂಬಳಿಯೊಳಗೆ ಕುಲುಕುತ್ತ.

"ನನ್ನ ಹೊಗೆಸೊಪ್ಪು ಅದಕ್ಕೆ ಸೇರ್ಲಿಲ್ವಾ? ಎರಡೂ ಅಕ್ಕತಂಗೀರೇ ಅಲ್ವೇನೇ? ಊರು ಬಿಟ್ಟು ಪರದೇಶಿ ಆದ್ಮೇಲೆ ಸ್ವಂತ ನೆಂಟ್ರೂ ಸೇರಲ್ಲ ಬಿಡು." ನಗು ನಿಂತಿತು. "ಆ ಮುದುಕ ನಿನಗೆ ಏನಾಗ್ಬೇಕು?"

"ಏನೂ ಇಲ್ಲ. ಒಟ್ಟಿಗೆ ಕೆಲಸ ಮಾಡ್ತೀವಿ."

"ಏನೂ ಇಲ್ದೋನು ನಿನ್ನ ಏಟು ತಾನು ತಿಂದ್ನಾ?"

"ಹೂಂ."

"ನಮ್ಮ ಕಟ್ಟಳೇಲಿ ತಪ್ಪು ಮಾಡ್ದೋರ ತೊಡೆಗೆ ಈಟಿ, ನಿಂಗೆ ಬೀಳೋ ಈಟಿಗೆ ತೊಡೆ ಕೊಡೋನು ಅಣ್ಣ ಕಣೇ. ಅಣ್ಣ ಆದ್ಮೇಲೆ ಆಯ್ತು, ಅವನ ಹೆಂಡ್ತಿ ಮಕ್ಳು ನಾಯಿ ಎಲ್ಲಾ ನಿನ್ನ ಮನೇಗೇ. ನಂಗೆ ಆ ಮಂಚದಲ್ಲೇ ಜಾಗ ಸಾಲ್ದು." ಅಂದವಳು ಕಿಟಕಿಯ ಕಡೆ ತಿರುಗಿದಳು. "ಗಾಡಿ ತಿರುಗ್ಸು. ನಾಚಿಕೆ ಆಗಲ್ವಾ ನಿಂಗೆ, ಮನೇಗೆ ಹೋಗ್ತಿದೀಯಲ್ಲ."

ಗಾಡಿ ತಿರುಗಿಸಿದಳು. ಕಂಪನಿಯ ಗೇಟಿನ ಹೊರಗೆ ಬಸ್ಸಿನ ತಂಗುದಾಣದ ಕಲ್ಲುಬೆಂಚಿನ ಮೇಲೆ ನೆವಿಲ್ ಇನ್ನೂ ಕೂತಿದ್ದ. ಎಂಟು ಗಂಟೆಯ ಬಸ್ಸು ತಪ್ಪಿತ್ತು, ಇನ್ನೊಂದು ಬರುವುದು ನಾಲ್ಕಕ್ಕೆ. ತಗಡಿನ ನೆರಳು ಅವನ ಮೊಣಕಾಲಿಗೆ ಬಂದು ನಿಂತಿತ್ತು. ಪಕ್ಕದಲ್ಲಿ ರಬ್ಬರ್ ಬೂಟು, ಊಟದ ಡಬ್ಬಿ. ಕಾರು ನಿಲ್ಲುತ್ತಿದ್ದ ಹಾಗೆ ದೊಡ್ಡಮ್ಮ ಗಾಜು ಇಳಿಸಿದಳು.

"ಏಯ್, ಏಟು ತಿಂದೋನು ನೀನೇನೋ? ಒಳಗೆ ಬಂದು ಕೂತ್ಕೋ, ತಣ್ಣಗಿದೆ. ಬಿಸಿಲಲ್ಲಿ ಹಪ್ಪಳ ಆಗ್ಬೇಡ."

ನೆವಿಲ್ ಟೋಪಿ ತೆಗೆದ. ಕೋರಲ್ ಇಳಿದು ಅವನ ಮುಂದೆ ನಿಂತಳು. "ನಾನು ಹೇಳೋಕೆ ಹೋಗ್ತಿದೀನಿ. ಎಡಸಾಲು ನಂದು."

"ಗೊತ್ತು."

"ನಾನು ಸೇದಲ್ಲ. ಆದ್ರೆ ದೊಡ್ಡಮ್ಮಂಗೆ..."

"ಅದೂ ಗೊತ್ತು." ಅವನು ಬೂಟನ್ನು ನೋಡುತ್ತ ಮಾತಾಡಿದ. "ಅವತ್ತು ಬಾಗಿಲಲ್ಲಿ ನಿನ್ನ ಹೆಬ್ಬೆರಳು ನೋಡ್ದೆ. ಉಗುರು ಸಂದೀಲಿ ಬೂದಿ, ಕಂದು ಕಲೆ. ಐವತ್ತು ವರ್ಷ ಸೇದಿದೀನಿ ತಾಯಿ, ಆ ಬಣ್ಣ ನಂಗೆ ಗೊತ್ತಾಗಲ್ವಾ? ಬಾಯಿ ಬಿಟ್ಟು ಹೇಳ್ಬೇಕಿತ್ತು. ನನ್ನಂಥೋನು ನಿನ್ನಂಥೋಳಿಗೆ, ಹೋಗು ಕೈ ತೊಳ್ಕೊಂಡು ಬಾ ಅಂತ ಹೇಗೆ ಹೇಳೋದು? ಯಾವ ಬಾಯಲ್ಲಿ? ಬೋಗುಣಿ ತಳ್ಳಿದೆ, ಅಷ್ಟೇ ನನಗೆ ಬಂದಿದ್ದು ಧೈರ್ಯ. ಅದಕ್ಕೇ ಸಹಿ ನಂದೇ ಅಂತ ಒಪ್ಕೊಂಡೆ. ಅರ್ಧ ನಂದೇ ತಪ್ಪು."

ಹೌದು, ತಳ್ಳಿದ್ದ. ಬೆಳಿಗ್ಗೆಯಿಂದ ಅವಳು ಕಾಲು ಹಿಂ‌ದಿಟ್ಟಿದ್ದು ಈ ಜಾಗದಿಂದಲೇ. ಬುಧವಾರ ಆರೂವರೆಗೆ ಅವಳು ಬೋಗುಣಿಯ ಕಡೆಗೇ ಬರುತ್ತಿದ್ದಳು, ತೋಳು ಮೇಲೆ ಮಡಚುತ್ತ. ನೆವಿಲ್ ತನ್ನ ಕೈ ಒರೆಸಿಕೊಳ್ಳುತ್ತ ನಿಂತಿದ್ದವನು ಅವಳ ಕೈ ನೋಡಿದ. ಆಮೇಲೆ ಬೇರೆಲ್ಲೋ ನೋಡುತ್ತ ಬೋಗುಣಿಯನ್ನು ಒಂದು ಗೇಣು ಅವಳ ಕಡೆಗೆ ಸರಿಸಿದ. ಸರಿಸದಿದ್ದರೆ ಅದ್ದುತ್ತಿದ್ದಳು. ಆ ಒಂದು ಗೇಣಿಗೆ ಅವಳ ಮೈಯೆಲ್ಲ ಉರಿದು ಹೋಯಿತು, ಮಡಚಿದ ತೋಳು ಕೆಳಗಿಳಿಯಿತು. "ನಾನು ಸಿಗರೇಟ್ ಸೇದಲ್ಲ ನೆವಿಲ್," ಎಂದು ನಗುನಗುತ್ತಲೇ ಹೇಳಿ, ಒಳಗೆ ಹೋಗಿ, ಉಗುರಿನಿಂದ ಚಿವುಟಲು ಎಂದಿನಂತೆ ಕೈಗವಸಿನ ಹೆಬ್ಬೆರಳು ಕತ್ತರಿಸಿಕೊಂಡು, ನಾಲ್ಕನೆಯ ತಟ್ಟೆಯಿಂದ ಶುರುಮಾಡಿದ್ದಳು. ಮೊದಲ ಮೂರರಲ್ಲಿ ಮೊಗ್ಗು ಬಂದಿರಲಿಲ್ಲ.

"ಗೊತ್ತಿರ್ಲಿಲ್ಲ ಅಂತ ಹೇಳು ಲಿಯೆನ್‌ಗೆ," ಎಂದ ನೆವಿಲ್. "ಜಗಿಯೋದೂ ಲೆಕ್ಕಕ್ಕೆ ಬರುತ್ತೆ ಅಂತ ಗೊತ್ತಿರ್ಲಿಲ್ಲ ಅನ್ನು. ನಿನಗೆ ಅವರು ಏನೂ ಮಾಡಲ್ಲ."

ಲಿಯೆನ್ ಮೊದಲು ನಂಬಲಿಲ್ಲ. ಅವನನ್ನು ಉಳಿಸೋಕೆ ನಿನ್ನ ತಲೆ ಮೇಲೆ ಹಾಕ್ಕೋಬೇಡ, ಎಂದಳು. ಕೋರಲ್ ದೊಡ್ಡಮ್ಮನ ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ಅರೆಯುವ ಚೀಲಕ್ಕೆ ಹಾಕಿ ಕೊಟ್ಟಳು. ಪಟ್ಟಿಯ ಮೇಲೆ ಎರಡನೆಯ ಗೆರೆ ಬೆಳಗಿನದಕ್ಕಿಂತ ಬೇಗ ಮೂಡಿತು. ಲಿಯೆನ್ ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡಳು. ಅವಳಿಗೂ ಮೂವತ್ತೈದು ದಾಟಿಲ್ಲ ಎಂದು ಕೋರಲ್‌ಗೆ ಆಗ ಕಂಡಿತು. "ನೆವಿಲ್‌ಗೆ ನಾನು ಏನಂತ ಮುಖ ತೋರಿಸ್ಲಿ?" ಎಂದು ತನಗೆ ತಾನೇ ಅಂದುಕೊಂಡು, ಫೋನು ತೆಗೆದು ಮೇಲಿನವರಿಗೆ ಅವನ ಕಾಗದ ತಡೆಯಿರಿ ಎಂದಳು. ಆಮೇಲೆ ಖಾನೆಯಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟಳು. ಹೆಸರು, ದಿನ, ಕೋಣೆ. ಅದರ ಕೆಳಗೆ ಎರಡು ಚೌಕ: ನಿಯಮ ತಿಳಿದಿರಲಿಲ್ಲ, ನಿಯಮ ತಿಳಿದಿತ್ತು.

"ಮೊದಲನೇದು ಹಾಕಿದ್ರೆ ಒಂದು ದಿನದ ಪಾಠ ಮತ್ತೆ ಕೇಳ್ಬೇಕು, ಅಷ್ಟೆ," ಎಂದಳು ಲಿಯೆನ್. ದನಿ ಮೆತ್ತಗಾಗಿತ್ತು. "ನಿಮ್ಮಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ ಅಲ್ವಾ. ಅಡುಗೆ ಮಾಡ್ದ ಹಾಗೆ. ಅದೂ ಹೊಗೆಸೊಪ್ಪು ಅಂತ ನಿನಗೆ ಅನ್ನಿಸೇ ಇಲ್ಲ. ಮೇಲಿನೋರಿಗೆ ಅರ್ಥ ಆಗುತ್ತೆ, ನಾನು ಹೇಳ್ತೀನಿ. ನಾಳೆ ಆರೂವರೆಗೆ ಎಂದಿನ ಹಾಗೆ ಬಾ."

"ಎರಡನೇದು ಹಾಕಿದ್ರೆ?"

"ಅದನ್ಯಾಕೆ ಹಾಕ್ತೀಯ?"

ಲಿಯೆನ್ ಪೆನ್ನನ್ನು ಮೊದಲನೆಯ ಚೌಕದ ಪಕ್ಕಕ್ಕೇ ಇಟ್ಟಿದ್ದಳು. ಎಷ್ಟು ಸುಲಭ. ಮನೆ ಉಳಿಯುತ್ತದೆ, ದೊಡ್ಡಮ್ಮ ಉಳಿಯುತ್ತಾಳೆ, ನೆವಿಲ್ ನಾಳೆ ಬರುತ್ತಾನೆ, ಎಲ್ಲರೂ ಅವಳ ಮೇಲೆ ಕನಿಕರ ತೋರಿಸುತ್ತಾರೆ, ಪಾಪ, ಅವಳಿಗೆ ಗೊತ್ತಿರಲಿಲ್ಲ. ಇಬ್ಬರು ಒಳ್ಳೆಯ ಜನ ಒಂದೇ ಮಧ್ಯಾಹ್ನ ಅವಳಿಗೆ ಅದೇ ಮಾತನ್ನು ಕೊಡುತ್ತಿದ್ದರು, ಮನಸಾರೆ. ತೆಗೆದುಕೊಳ್ಳಬೇಕೆಂದು ಎಷ್ಟು ಆಸೆಯಾಯಿತೆಂದರೆ ಅವಳ ಕಣ್ಣಲ್ಲಿ ನೀರು ಬಂತು. ಪೆನ್ನು ಎತ್ತಿಕೊಂಡಳು.

"ನನಗೆ ಗೊತ್ತಿತ್ತು ಲಿಯೆನ್. ನಿನಗಿಂತ ಚೆನ್ನಾಗಿ ಗೊತ್ತಿತ್ತು."

ಎರಡನೆಯ ಚೌಕದಲ್ಲಿ ಗುರುತು ಹಾಕಿದಳು. ಲಿಯೆನ್ "ಮತ್ತೆ ಯಾಕೆ?" ಎಂದಳು. ಹಾಳೆಯಲ್ಲೂ ಅದೇ ಕೇಳಿತ್ತು. ಉತ್ತರಕ್ಕೆ ಮೂರು ಗೆರೆ ಜಾಗ ಬಿಟ್ಟಿತ್ತು. ಕೋರಲ್ ಮೊದಲು, ನೆವಿಲ್ ನನ್ನ ಕೈ ನೋಡಿದ, ಎಂದು ಬರೆದಳು. ಓದಿದರೆ ಅವನ ಮೇಲೆ ದೂರು ಬರೆದ ಹಾಗಿತ್ತು. ಅದನ್ನು ಹೊಡೆದು ಹಾಕಿದಳು. ಕೆಳಗಿನ ಗೆರೆಯಲ್ಲಿ ನಿಧಾನವಾಗಿ, ಕೈ ತೊಳೆಯುವುದಕ್ಕೆ ನನಗೆ ಅವಮಾನವಾಯಿತು ಎಂದು ಬರೆದು, ಸಹಿ ಹಾಕಿ, ಹಾಳೆಯನ್ನು ಲಿಯೆನ್‌ಳ ಕಡೆಗೆ ತಿರುಗಿಸಿಟ್ಟಳು.